ಹಳೇ ಡೆಸ್ಕ್‌ಟಾಪ್‌ನಲ್ಲಿ ಡಿಸ್‌ಪ್ಲೇ ತೊಂದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪೆಂಟಿಯಂ 4, ಕೋರ್ 2 ಡ್ಯುಯೋ ಕಾಲದಿಂದ ಹಿಡಿದು ಮೂರು, ನಾಲ್ಕನೇ ತಲೆಮಾರಿನ ಐ3, ಐ5 ತನಕದ ಕಂಪ್ಯೂಟರ್‌ಗಳು ನಮ್ಮ ಶಾಲೆಗಳಲ್ಲಿ, ಸೊಸೈಟಿಗಳಲ್ಲಿ, ಝೆರಾಕ್ಸ್ ಅಂಗಡಿಗಳಲ್ಲಿ ಇನ್ನೂ ದುಡಿಯುತ್ತಿವೆ. ಅವುಗಳ ಬಗ್ಗೆ ಜಾಸ್ತಿ ಬರುವ ದೂರು ಒಂದೇ: ಡಿಸ್‌ಪ್ಲೇ ಬರ್ತಿಲ್ಲ. ತಕ್ಷಣ ಯಾರೋ 'ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ' ಅಂದುಬಿಡುತ್ತಾರೆ. ಆ ಮಾತು ನಂಬುವ ಮುಂಚೆ ದೋಷ ಇರುವುದು ಮಾನಿಟರ್‌ನಲ್ಲೋ, ಕೇಬಲ್‌ನಲ್ಲೋ, ಸಿಪಿಯು ಬಾಕ್ಸ್‌ನಲ್ಲೋ ಅಂತ ನೀವೇ ಗೊತ್ತು ಮಾಡಿಕೊಳ್ಳಬಹುದು. ಅದಕ್ಕೆ ಖರ್ಚೇನೂ ಇಲ್ಲ. ಮಾತಿನಲ್ಲಿ, ಫೋನಿನಲ್ಲಿ, ಮೆಸೇಜ್‌ಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು, ಸುಲಭದ್ದು ಮೊದಲು ಬರುವಂತೆ, ಇಲ್ಲಿ ಸೇರಿಸಿದ್ದೇನೆ.

## ಸ್ಕ್ರೂಡ್ರೈವರ್ ಮುಟ್ಟುವ ಮುಂಚೆ

ಹೋಗಿರೋದು ಮಾನಿಟರೋ ಸಿಪಿಯುನೋ, ಹೇಗೆ ಗೊತ್ತಾಗುತ್ತೆ?

ಮಾನಿಟರ್‌ಗೆ ಬರುವ ಡಿಸ್‌ಪ್ಲೇ ಕೇಬಲ್ ಕಿತ್ತುಬಿಡಿ. ಕರೆಂಟ್ ವೈರ್ ಮಾತ್ರ ಇರಲಿ. ಈಗ ಮಾನಿಟರ್ ಆನ್ ಮಾಡಿ. 'ನೋ ಸಿಗ್ನಲ್' ಅಂತಲೋ 'ಚೆಕ್ ಕೇಬಲ್' ಅಂತಲೋ ಬರಹ ತೇಲಿದರೆ ಮಾನಿಟರ್ ಬಹುಮಟ್ಟಿಗೆ ಸರಿಯಿದೆ. ಅದರ ಪವರ್, ಪ್ಯಾನೆಲ್, ಹಿಂದಿನ ಬೆಳಕು ಎಲ್ಲವೂ ಕೆಲಸ ಮಾಡದೆ ಆ ಬರಹ ಬರಲಾರದು. ಏನೂ ಕಾಣದಿದ್ದರೆ, ಲೈಟ್ ಕೂಡ ಹತ್ತದಿದ್ದರೆ, ಮೊದಲು ಪವರ್ ವೈರ್ ಬದಲಿಸಿ ನೋಡಿ. ಸಿಪಿಯುಗೂ ಹೆಚ್ಚಿನ ಮಾನಿಟರ್‌ಗಳಿಗೂ ಒಂದೇ ಬಗೆಯ ವೈರ್ ಆಗುತ್ತದೆ, ಅದಲು ಬದಲು ಮಾಡಿದರೆ ಸಾಕು.

ಸಿಪಿಯು ಪರೀಕ್ಷೆಗೆ ಕೀಬೋರ್ಡ್ ಸಾಕು. ಆನ್ ಮಾಡಿ ಒಂದು ನಿಮಿಷ ಬಿಟ್ಟು ನಮ್ ಲಾಕ್ ಒತ್ತಿ. ಅದರ ದೀಪ ಹತ್ತಿ ಆರುತ್ತಿದ್ದರೆ ಕಂಪ್ಯೂಟರ್ ಎದ್ದಿದೆ, ಚಿತ್ರ ಮಾತ್ರ ನಿಮಗೆ ಕಾಣುತ್ತಿಲ್ಲ ಅಂತ ಅರ್ಥ. ಆಗ ಮದರ್‌ಬೋರ್ಡ್ ಬಗ್ಗೆ ಹೆದರಬೇಕಿಲ್ಲ.

ಸ್ಕ್ರೀನ್ ಮೇಲೆ 'ನೋ ಸಿಗ್ನಲ್' ಅಂತ ಬಂದು ಲೈಟ್ ಕೇಸರಿ ಆಗುತ್ತೆ. ಏನು ಮಾಡ್ಲಿ?

ಮಾನಿಟರ್‌ನಲ್ಲಿ ಎರಡು ಮೂರು ಬಗೆಯ ಸಾಕೆಟ್ ಇದ್ದರೆ ಅದು ಬೇರೆ ಸಾಕೆಟ್ ಕಡೆ ನೋಡುತ್ತಿರಬಹುದು. ಇನ್‌ಪುಟ್ ಅಥವಾ ಸೋರ್ಸ್ ಬಟನ್ ಒತ್ತಿ ವಿಜಿಎ, ಡಿವಿಐ, ಎಚ್‌ಡಿಎಂಐ ಪೈಕಿ ನಿಮ್ಮ ಕೇಬಲ್ ಇರುವುದನ್ನು ಆರಿಸಿ.

ಇನ್ನೊಂದು, ಸಿಪಿಯು ಹಿಂದೆ ಎರಡು ಕಡೆ ಡಿಸ್‌ಪ್ಲೇ ಸಾಕೆಟ್ ಇದೆಯೇ ನೋಡಿ. ಯುಎಸ್‌ಬಿ, ಕೀಬೋರ್ಡ್ ಸಾಕೆಟ್‌ಗಳ ಜೊತೆ ಇರುವುದು ಮದರ್‌ಬೋರ್ಡ್‌ನದ್ದು. ಕೆಳಗಡೆ ಅಡ್ಡಪಟ್ಟಿಯಲ್ಲಿರುವುದು ಗ್ರಾಫಿಕ್ಸ್ ಕಾರ್ಡ್‌ನದ್ದು. ಕಾರ್ಡ್ ಹಾಕಿದ್ದರೆ ಎಷ್ಟೋ ಹಳೇ ಬೋರ್ಡ್‌ಗಳು ತಮ್ಮ ಸಾಕೆಟ್ ಅನ್ನು ತಾವೇ ಬಂದ್ ಮಾಡಿಕೊಳ್ಳುತ್ತವೆ. ಮನೆ ಗುಡಿಸಿ ಒರೆಸಿದ ಮೇಲೆ ಕೇಬಲ್ ಅನ್ನು ತಪ್ಪು ಜಾಗಕ್ಕೆ ಚುಚ್ಚಿ 'ಡಿಸ್‌ಪ್ಲೇ ಹೋಯ್ತು' ಅನ್ನುವವರು ಬಹಳ ಜನ.

ನನ್ನ ವಿಜಿಎ ಕೇಬಲ್‌ನಲ್ಲಿ ಒಂದು ಪಿನ್ನೇ ಇಲ್ಲ. ಮುರಿದಿದ್ಯಾ?

ಐದೈದರಂತೆ ಮೂರು ಸಾಲು, ಒಟ್ಟು 15 ಪಿನ್. ನಡುವಿನ ಸಾಲಿನಲ್ಲಿ ಒಂದು ಖಾಲಿ ಇದ್ದರೆ ಗಾಬರಿ ಬೇಡ. ಅದು 9ನೇ ಪಿನ್. ಬಹಳ ಕೇಬಲ್‌ಗಳು ಅದಿಲ್ಲದೆಯೇ ತಯಾರಾಗುತ್ತವೆ, ಚಿತ್ರಕ್ಕೆ ಅದು ಬೇಕಿಲ್ಲ.

ಮುಖ್ಯವಾದವು 1, 2, 3ನೇ ಪಿನ್‌ಗಳು. ಕ್ರಮವಾಗಿ ಕೆಂಪು, ಹಸಿರು, ನೀಲಿ ಬಣ್ಣ ಹೊತ್ತು ತರುವುದು ಇವೇ. ಬಿಳಿ ಇರಬೇಕಾದ ಕಡೆ ಹಳದಿ ಕಂಡರೆ ನೀಲಿ ಬರುತ್ತಿಲ್ಲ. ನೀಲಿ ಹಸಿರು ಬೆರೆತಂತೆ ಕಂಡರೆ ಕೆಂಪು ಬರುತ್ತಿಲ್ಲ. ಎಲ್ಲ ಗಾಢ ಗುಲಾಬಿಯಾದರೆ ಹಸಿರು ತಪ್ಪಿದೆ. ಪಿನ್ ಬಾಗಿದ್ದರೆ ಖಾಲಿ ಬಾಲ್ ಪೆನ್ ರೀಫಿಲ್‌ನ ತೂತಿಗೆ ಅದನ್ನು ಸೇರಿಸಿ, ಮೆಲ್ಲಗೆ ನೆಟ್ಟಗೆ ಮಾಡಿ. ಇಕ್ಕಳ ಹಾಕಿದರೆ ಮುರಿಯುವುದೇ ಜಾಸ್ತಿ. ಕೇಬಲ್ ಕೂರಿಸಿದ ಮೇಲೆ ಎರಡು ಬದಿಯ ತಿರುಪು ಬಿಗಿ ಮಾಡುವುದನ್ನು ಮರೆಯಬೇಡಿ. ಸಡಿಲ ಬಿಟ್ಟ ಕೇಬಲ್ ಒಂದು ದಿನ ಬಣ್ಣ ಕೆಡಿಸೇ ಕೆಡಿಸುತ್ತದೆ.

ಹೊಸ ಮಾನಿಟರ್‌ನಲ್ಲಿ ಎಚ್‌ಡಿಎಂಐ ಮಾತ್ರ ಇದೆ, ಸಿಪಿಯುನಲ್ಲಿ ವಿಜಿಎ ಮಾತ್ರ. ಕನ್ವರ್ಟರ್ ತಂದೆ, ಬರ್ತಿಲ್ಲ.

ಅಂಗಡಿಯವರು ಹೆಚ್ಚಾಗಿ ಕೊಡುವುದು ಎಚ್‌ಡಿಎಂಐಯಿಂದ ವಿಜಿಎಗೆ ಹೋಗುವ ಕನ್ವರ್ಟರ್. ನಿಮಗೆ ಬೇಕಿರುವುದು ಅದರ ಉಲ್ಟಾ. ಇವು ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತವೆ. 'ಸಿಪಿಯು ಕಡೆ ವಿಜಿಎ, ಮಾನಿಟರ್ ಕಡೆ ಎಚ್‌ಡಿಎಂಐ' ಅಂತ ಬಿಡಿಸಿ ಹೇಳಿ ತನ್ನಿ. ಅದಕ್ಕೆ ಯುಎಸ್‌ಬಿಯಿಂದ ಪವರ್ ಬೇಕಾಗುತ್ತದೆ, ಆ ಬಾಲವನ್ನೂ ಚುಚ್ಚಿ. ಒಳಗೆ ಚಿಪ್ ಇಲ್ಲದ, ಬರೀ ವೈರ್ ಜೋಡಿಸಿದ ಅಗ್ಗದ ಕೇಬಲ್ ಸುಮ್ನೆ ದುಡ್ಡು ದಂಡ.

## ಬಾಕ್ಸ್ ತೆರೆದ ಮೇಲೆ

ಸಿಪಿಯು ಆನ್ ಆಗುತ್ತೆ, ಫ್ಯಾನ್ ತಿರುಗುತ್ತೆ, ಡಿಸ್‌ಪ್ಲೇ ಮಾತ್ರ ಇಲ್ಲ. ಮದರ್‌ಬೋರ್ಡ್ ಹೋಯ್ತಾ?

ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದು. ಬೋರ್ಡನ್ನು ದೂರುವ ಮುಂಚೆ ರ‍್ಯಾಮ್ ನೋಡಿ. ಹಳೇ ಯಂತ್ರಗಳಲ್ಲಿ ರ‍್ಯಾಮ್‌ನ ಕಾಂಟ್ಯಾಕ್ಟ್ ಕೈಕೊಡುವುದು ಮಾಮೂಲು. ಮಲೆನಾಡು, ಕರಾವಳಿಯಲ್ಲಿ ಮಳೆಗಾಲ ಹಿಡಿದ ಮೇಲೆ ಈ ದೂರು ಇನ್ನೂ ಜಾಸ್ತಿ.

ಪವರ್ ವೈರ್ ಪೂರ್ತಿ ಕಿತ್ತುಹಾಕಿ. ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಲದು. ಆಮೇಲೆ ಪವರ್ ಬಟನ್ ಒಂದು ಸಲ ಒತ್ತಿ ಹಿಡಿದರೆ ಒಳಗೆ ಉಳಿದ ಕರೆಂಟ್ ಖಾಲಿಯಾಗುತ್ತದೆ. ಎಡಬದಿಯ ಮುಚ್ಚಳ ತೆಗೆಯಿರಿ. ಕೇಸಿನ ಬಣ್ಣ ಇಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ, ಮೈಮೇಲಿನ ಸ್ಟ್ಯಾಟಿಕ್ ಇಳಿದುಹೋಗಲಿ. ಪ್ರೊಸೆಸರ್ ಫ್ಯಾನ್ ಪಕ್ಕದಲ್ಲಿ ಉದ್ದುದ್ದ ನಿಂತಿರುವ ಹಸಿರು ಅಥವಾ ನೀಲಿ ಪಟ್ಟಿಯೇ ರ‍್ಯಾಮ್. ಎರಡು ತುದಿಯ ಕ್ಲಿಪ್ ಹೊರಕ್ಕೆ ಒತ್ತಿದರೆ ಅದು ತಾನಾಗಿ ಮೇಲೇಳುತ್ತದೆ.

ಈಗ ಅದರ ಕೆಳಅಂಚನ್ನು ಬೆಳಕಿಗೆ ಹಿಡಿದು ನೋಡಿ. ಸಾಲಾಗಿ ಚಿನ್ನದ ಬಣ್ಣದ ಹಲ್ಲುಗಳಿರುತ್ತವೆ. ಅವು ಮಿನುಗದೆ ಕಂದಿದ್ದರೆ ಅಲ್ಲೇ ತೊಂದರೆ. ಮಕ್ಕಳ ಪೆನ್ಸಿಲ್ ರಬ್ಬರ್ ತೆಗೆದುಕೊಳ್ಳಿ, ಬಿಳಿಯ ಮೆತ್ತನೆಯದಾದರೆ ಒಳ್ಳೆಯದು. ಹಲ್ಲುಗಳ ಉದ್ದಕ್ಕೆ, ಮೇಲಿಂದ ಕೆಳಕ್ಕೆ, ಎರಡೂ ಬದಿ ಹಗುರವಾಗಿ ಉಜ್ಜಿ. ರಬ್ಬರ್ ಕಪ್ಪಾಗುವುದು ಕಾಣುತ್ತದೆ. ರಬ್ಬರ್ ಚೂರು ಸ್ಲಾಟ್‌ಗೆ ಬೀಳದಂತೆ ದೂರ ಕುಳಿತು ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ. ಸ್ಯಾಂಡ್ ಪೇಪರ್ ಮಾತ್ರ ಬೇಡ, ಚಿನ್ನದ ತೆಳು ಲೇಪವೇ ಹೋಗಿಬಿಡುತ್ತದೆ. ಸ್ಲಾಟ್ ಒಳಗಿನ ಧೂಳಿಗೆ ಹೊಸ ಪೇಂಟ್ ಬ್ರಶ್ ಸಾಕು.

ಹಾಕುವಾಗ ಪಟ್ಟಿಯ ಕಚ್ಚು ಸ್ಲಾಟ್‌ನ ಉಬ್ಬಿಗೆ ಸರಿ ಕೂರಬೇಕು. ಎರಡೂ ತುದಿ ಒತ್ತಿದಾಗ ಕ್ಲಿಪ್ 'ಟಕ್' ಎಂದು ಮುಚ್ಚಿಕೊಳ್ಳಬೇಕು. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ, ಬೇರೆ ಬೇರೆ ಸ್ಲಾಟ್‌ನಲ್ಲಿ ಹಾಕಿ ನೋಡಿ. ಒಂದು ಕೆಟ್ಟ ರ‍್ಯಾಮ್ ಇನ್ನೊಂದನ್ನೂ ಏಳಲು ಬಿಡುವುದಿಲ್ಲ.

ಆನ್ ಮಾಡಿದ ಕೂಡ್ಲೇ ಬೀಪ್ ಬೀಪ್ ಅಂತ ಕೂಗುತ್ತೆ. ಏನರ್ಥ?

ಚಿತ್ರ ತೋರಿಸಲಾಗದ ಬೋರ್ಡ್ ಶಬ್ದದಲ್ಲಿ ಹೇಳುತ್ತಿದೆ. ಉದ್ದದ ಬೀಪ್ ನಿಲ್ಲದೆ ಬರುತ್ತಿದ್ದರೆ ಸಾಮಾನ್ಯವಾಗಿ ರ‍್ಯಾಮ್. ಒಂದು ಉದ್ದ, ಎರಡು ಗಿಡ್ಡ ಬಂದರೆ ಅವಾರ್ಡ್ ಕಂಪನಿಯ ಬಯಾಸ್ (ಆನ್ ಮಾಡಿದಾಗ ಮೊದಲು ಓಡುವ, ಬೋರ್ಡ್‌ನಲ್ಲೇ ಇರುವ ಪ್ರೋಗ್ರಾಂ) ಇರುವ ಬೋರ್ಡ್‌ಗಳಲ್ಲಿ ಗ್ರಾಫಿಕ್ಸ್ ದೋಷ. ಒಂದೇ ಗಿಡ್ಡ ಬೀಪ್ ಬಂದು ಸುಮ್ಮನಾದರೆ 'ನನ್ನ ಕಡೆ ಎಲ್ಲ ಸರಿ' ಎಂದರ್ಥ, ಆಗ ಕೇಬಲ್, ಮಾನಿಟರ್ ಕಡೆ ಹೋಗಿ. ಕಂಪನಿಯಿಂದ ಕಂಪನಿಗೆ ಈ ಲೆಕ್ಕ ಬದಲಾಗುತ್ತದೆ, ನಿಮ್ಮ ಬೋರ್ಡ್‌ನ ಪುಸ್ತಕ ನೋಡುವುದು ಒಳ್ಳೆಯದು.

ರ‍್ಯಾಮ್ ಪೂರ್ತಿ ತೆಗೆದು ಆನ್ ಮಾಡಿ ನೋಡುವುದು ಒಳ್ಳೆಯ ಪರೀಕ್ಷೆ. ಆಗ ಕೂಗಿದರೆ ಪ್ರೊಸೆಸರೂ ಬೋರ್ಡೂ ಜೀವಂತ ಇವೆ. ಕೂಗದಿದ್ದರೆ ಬೋರ್ಡ್ ಸತ್ತಿದೆ ಎಂದು ತೀರ್ಮಾನಿಸುವ ಮುಂಚೆ ಸ್ಪೀಕರ್ ಇದೆಯೇ ನೋಡಿ. ಎಷ್ಟೋ ಬೋರ್ಡ್‌ಗಳಿಗೆ ಆ ಪುಟ್ಟ ಸ್ಪೀಕರ್ ಬೇರೆಯಾಗಿ ಹಾಕಬೇಕು.

ಸೆಲ್ ಬದಲಿಸಿದ್ರೆ ಡಿಸ್‌ಪ್ಲೇ ಬರುತ್ತೆ ಅಂತಾರೆ, ನಿಜಾನಾ?

ಕೆಲವು ಸಲ ನಿಜ. ಬೋರ್ಡ್ ಮೇಲಿನ ದುಂಡನೆ ಸೆಲ್ ಹೆಸರು ಸಿಆರ್2032, 3 ವೋಲ್ಟ್. ಅದು ಇಳಿದರೆ ತಾರೀಖು ಹಿಂದಕ್ಕೆ ಹೋಗುತ್ತದೆ, ಎಫ್1 ಒತ್ತು ಅನ್ನುತ್ತದೆ. ಕೆಲವು ಬೋರ್ಡ್‌ಗಳು ಏಳುವುದೇ ಇಲ್ಲ. ಕರೆಂಟ್ ವೈರ್ ಕಿತ್ತು, ಸೆಲ್ ತೆಗೆದು ಐದು ನಿಮಿಷ ಬಿಟ್ಟು ಹೊಸದು ಹಾಕಿ. ಬಯಾಸ್‌ನ ಹಾಳಾದ ಸೆಟ್ಟಿಂಗ್ ಅಳಿಸಿಹೋಗುವುದು ಇದರ ಇನ್ನೊಂದು ಲಾಭ. ಆಮೇಲೆ ತಾರೀಖು ಸರಿ ಮಾಡಿಕೊಳ್ಳಿ, ಇಲ್ಲದಿದ್ದರೆ ವೆಬ್‌ಸೈಟ್‌ಗಳು ಸರ್ಟಿಫಿಕೇಟ್ ತಪ್ಪು ಎಂದು ಬಾಗಿಲು ಹಾಕುತ್ತವೆ.

ಬೆಳಿಗ್ಗೆ ಮೊದಲ ಸಲ ಬರೋದೇ ಇಲ್ಲ. ನಾಲ್ಕೈದು ಸಲ ಆನ್ ಆಫ್ ಮಾಡಿದ್ರೆ ಬರುತ್ತೆ. ಯಾಕೆ ಹೀಗೆ?

ತಣ್ಣಗಿದ್ದಾಗ ಬರದೆ ಬಿಸಿಯಾದ ಮೇಲೆ ಬಂದರೆ ಕೆಪಾಸಿಟರ್ ಮೇಲೆ ಅನುಮಾನ ಪಡಿ. ಪ್ರೊಸೆಸರ್ ಸುತ್ತ ಸಣ್ಣ ಡ್ರಮ್ಮಿನಂತೆ ನಿಂತಿರುತ್ತವಲ್ಲ, ಅವು. ಅವುಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ಅಂಟು ಒಸರಿದ್ದರೆ ಕೆಟ್ಟಿವೆ. 2000ರ ದಶಕದ ಮೊದಲರ್ಧದ ಬೋರ್ಡ್‌ಗಳಲ್ಲಿ ಇದು ಜಗತ್ತಿನಾದ್ಯಂತ ಕಾಡಿದ ಪಿಡುಗು. ಆಗ ಕಳಪೆ ಎಲೆಕ್ಟ್ರೋಲೈಟ್ ತುಂಬಿದ ಕೆಪಾಸಿಟರ್‌ಗಳು ದೊಡ್ಡ ದೊಡ್ಡ ಕಂಪನಿಗಳ ಬೋರ್ಡ್‌ಗೂ ಸೇರಿದ್ದವು. ಟಿವಿ ರಿಪೇರಿ ಗೊತ್ತಿರುವವರು ಇದನ್ನು ಬದಲಿಸಬಲ್ಲರು. ಮೈಕ್ರೋಫ್ಯಾರಡ್ ಅಷ್ಟೇ ಇರಬೇಕು, ವೋಲ್ಟ್ ಅಷ್ಟೇ ಅಥವಾ ಜಾಸ್ತಿ ಇರಬೇಕು, 105 ಡಿಗ್ರಿಯದ್ದಾಗಿರಬೇಕು. ಬೋರ್ಡ್‌ಗೆ ಹಾಕುವಾಗ ಲೋ ಇಎಸ್‌ಆರ್ ಎಂದೇ ಕೇಳಿ.

ಬೋರ್ಡ್ ಚೆನ್ನಾಗಿದ್ದರೆ ಎಸ್‌ಎಂಪಿಎಸ್ (ಬಾಕ್ಸ್ ಒಳಗಿನ ಪವರ್ ಸಪ್ಲೈ ಡಬ್ಬಿ) ನೋಡಿ. ಮಲ್ಟಿಮೀಟರ್ ಇದ್ದರೆ ಹಳದಿ ವೈರ್‌ನಲ್ಲಿ 11.4ರಿಂದ 12.6 ವೋಲ್ಟ್ ಒಳಗೆ ಇರಬೇಕು, ಕೆಂಪಿನಲ್ಲಿ 4.75ರಿಂದ 5.25. ಇನ್ನೊಂದು ಮಾತು: ಹಳೇ ಎಸ್‌ಎಂಪಿಎಸ್ ಹಿಂದೆ ಕೆಂಪು ಸ್ಲೈಡ್ ಸ್ವಿಚ್ ಇದ್ದರೆ ಅದು 230ರಲ್ಲೇ ಇರಲಿ. ನಮ್ಮ ಕರೆಂಟ್‌ಗೆ ಅದನ್ನು 115ಕ್ಕೆ ಸರಿಸಿ ಆನ್ ಮಾಡಿದರೆ ಢಂ ಅನ್ನುತ್ತದೆ. ಮಕ್ಕಳಿರುವ ಮನೆಯಲ್ಲಿ ಅದರ ಮೇಲೆ ಟೇಪ್ ಅಂಟಿಸಿ.

ಎಲ್ಲಾ ಮಾಡಿದ್ದಾಯ್ತು, ಇನ್ನೂ ಬರ್ತಿಲ್ಲ.

ಹಾರ್ಡ್ ಡಿಸ್ಕ್, ಡಿವಿಡಿ ಡ್ರೈವ್, ಬೇರೆ ಕಾರ್ಡ್, ಯುಎಸ್‌ಬಿಗೆ ಚುಚ್ಚಿದ್ದು ಎಲ್ಲ ಬಿಚ್ಚಿ. ಪ್ರೊಸೆಸರ್, ಅದರ ಫ್ಯಾನ್, ಒಂದು ರ‍್ಯಾಮ್ ಇಷ್ಟೇ ಉಳಿಯಲಿ. ಬೋರ್ಡ್‌ನಲ್ಲೇ ಡಿಸ್‌ಪ್ಲೇ ಸಾಕೆಟ್ ಇದ್ದರೆ ಗ್ರಾಫಿಕ್ಸ್ ಕಾರ್ಡನ್ನೂ ತೆಗೆದು ಕೇಬಲ್ ಅಲ್ಲಿಗೆ ಹಾಕಿ. ಬಂದರೆ ಒಂದೊಂದೇ ಸೇರಿಸುತ್ತಾ ಹೋಗಿ, ಯಾವುದನ್ನು ಹಾಕಿದಾಗ ಹೋಗುತ್ತದೋ ಅದೇ ಕಳ್ಳ.

ಪ್ರೊಸೆಸರ್ ಹತ್ತಿರ ನಾಲ್ಕು ಪಿನ್ನಿನ, ಹಳದಿ ಕಪ್ಪು ವೈರ್‌ನ ಚೌಕ ಕನೆಕ್ಟರ್ ಕೂತಿದೆಯೇ ನೋಡಿ. ಅದು ಬಿಟ್ಟುಹೋದರೆ ಫ್ಯಾನ್ ಎಲ್ಲ ತಿರುಗುತ್ತದೆ, ಪ್ರೊಸೆಸರ್‌ಗೆ ಮಾತ್ರ ಪವರ್ ಇರುವುದಿಲ್ಲ. ಕ್ಲೀನ್ ಮಾಡಲು ಬಿಚ್ಚಿ ಜೋಡಿಸಿದ ಮೇಲೆ ಡಿಸ್‌ಪ್ಲೇ ಹೋದರೆ ಮೊದಲು ನೋಡಬೇಕಾದ್ದು ಇದನ್ನೇ. ಇಷ್ಟಾದ ಮೇಲೂ ಬರದಿದ್ದರೆ ಬೋರ್ಡ್ ಅಥವಾ ಪ್ರೊಸೆಸರ್ ಅನ್ನಬಹುದು. ಅವುಗಳಲ್ಲಿ ಪ್ರೊಸೆಸರ್ ಕೆಡುವುದು ಅಪರೂಪ.

## ಚಿತ್ರ ಬರುತ್ತೆ, ಸರಿಯಾಗಿ ಬರಲ್ಲ

ಅಕ್ಷರಗಳು ಮಸುಕು ಮಸುಕು. ಕಣ್ಣು ನೋಯುತ್ತೆ.

ಎಲ್‌ಸಿಡಿ ಮಾನಿಟರ್‌ಗೆ ಅದರದ್ದೇ ಒಂದು ರೆಸಲ್ಯೂಶನ್ (ಅಡ್ಡಕ್ಕೆ, ಉದ್ದಕ್ಕೆ ಇರುವ ಚುಕ್ಕಿಗಳ ಲೆಕ್ಕ) ಇರುತ್ತದೆ. ಬೇರೆ ಕೊಟ್ಟರೆ ಮಸುಕಾಗುತ್ತದೆ. ಚೌಕದ 15 ಇಂಚಿಗೆ 1024×768, ಚೌಕದ 17 ಇಂಚಿಗೆ 1280×1024, 18.5 ಇಂಚಿಗೆ 1366×768, 21.5 ಇಂಚಿಗೆ ಸಾಮಾನ್ಯವಾಗಿ 1920×1080. ಅದು ಸರಿಯಿದ್ದೂ ಮಸುಕಾದರೆ, ವಿಜಿಎ ಕೇಬಲ್ ಆಗಿದ್ದರೆ, ಮಾನಿಟರ್‌ನ 'ಆಟೋ' ಬಟನ್ ಒತ್ತಿ. ಪರದೆ ತುಂಬ ಬರಹ ಇರುವ ಪುಟ ತೆರೆದಿಟ್ಟು ಒತ್ತಿದರೆ ಅದು ಚೆನ್ನಾಗಿ ಹೊಂದಿಸಿಕೊಳ್ಳುತ್ತದೆ.

'ಔಟ್ ಆಫ್ ರೇಂಜ್' ಅಂತ ಬರುತ್ತೆ, ಬೇರೇನೂ ಕಾಣಲ್ಲ.

ಮಾನಿಟರ್ ತಾಳಲಾರದ ರೆಸಲ್ಯೂಶನ್ ಅಥವಾ ರಿಫ್ರೆಶ್ ರೇಟ್ (ಸೆಕೆಂಡಿಗೆ ಚಿತ್ರ ಎಷ್ಟು ಸಲ ಹೊಸದಾಗಿ ಬರುತ್ತದೆ ಅನ್ನುವ ಲೆಕ್ಕ) ಯಾರೋ ಕೊಟ್ಟಿದ್ದಾರೆ. ಈಗಷ್ಟೇ ನೀವೇ ಬದಲಿಸಿದ್ದರೆ ಏನೂ ಒತ್ತದೆ 15 ಸೆಕೆಂಡ್ ಕಾಯಿರಿ, ವಿಂಡೋಸ್ ತಾನೇ ಹಿಂದಿನದಕ್ಕೆ ಹೋಗುತ್ತದೆ. ಇಲ್ಲದಿದ್ದರೆ ವಿಂಡೋಸ್ ಎಕ್ಸ್‌ಪಿ, 7ರಲ್ಲಿ ಆನ್ ಆಗುವಾಗ ಎಫ್8 ಒತ್ತುತ್ತಾ ಇರಿ. 7ರಲ್ಲಿ 'ಲೋ ರೆಸಲ್ಯೂಶನ್ ವಿಡಿಯೋ', ಎಕ್ಸ್‌ಪಿಯಲ್ಲಿ 'ವಿಜಿಎ ಮೋಡ್' ಆರಿಸಿ. ಒಳಗೆ ಹೋಗಿ ರಿಫ್ರೆಶ್ ರೇಟ್ 60 ಹರ್ಟ್ಸ್‌ಗೆ ಇಳಿಸಿ. ಎಲ್‌ಸಿಡಿಗೆ ಅಷ್ಟು ಸಾಕು.

ವಿಂಡೋಸ್ ಲೋಗೋ ತನಕ ಬರುತ್ತೆ, ಆಮೇಲೆ ಪೂರ್ತಿ ಕಪ್ಪು. ಮಾನಿಟರ್ ಬದಲಿಸ್ಬೇಕಾ?

ಬೇಡ. ಲೋಗೋ ತೋರಿಸಿದ ಮಾನಿಟರ್ ಸರಿಯಿದೆ, ಕೇಬಲ್ಲೂ ಸರಿಯಿದೆ. ಡ್ರೈವರ್ (ವಿಂಡೋಸ್‌ಗೆ ಗ್ರಾಫಿಕ್ಸ್ ಚಿಪ್ ಬಳಸಲು ಬೇಕಾದ ಸಾಫ್ಟ್‌ವೇರ್) ಕೆಲಸ ಶುರು ಮಾಡಿದ ಗಳಿಗೆಯಲ್ಲಿ ಚಿತ್ರ ಹೋಗುತ್ತಿದೆ. ವಿಂಡೋಸ್ 10 ಆದರೆ ಮೊದಲು ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ, ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ. ಆಗದಿದ್ದರೆ ಲೋಗೋ ಬಂದಾಗ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಹೀಗೆ ಎರಡು ಮೂರು ಸಲ ಆದ ಮೇಲೆ ವಿಂಡೋಸ್ ತಾನೇ ರಿಪೇರಿ ಪುಟಕ್ಕೆ ಹೋಗುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್, ಆಮೇಲೆ 4 ಒತ್ತಿದರೆ ಸೇಫ್ ಮೋಡ್. ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಆನ್ ಮಾಡಿ.

ವಿಂಡೋಸ್ 10 ಹಾಕಿಸಿದ ಮೇಲೆ ಎಲ್ಲಾ ದಪ್ಪ ದಪ್ಪ, ಎಳೆದ ಹಾಗೆ ಕಾಣುತ್ತೆ.

ಡಿವೈಸ್ ಮ್ಯಾನೇಜರ್‌ನಲ್ಲಿ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂದಿದ್ದರೆ ಸರಿಯಾದ ಡ್ರೈವರ್ ಕೂತಿಲ್ಲ. ವಿಂಡೋಸ್ ಅಪ್‌ಡೇಟ್‌ಗೆ ಅವಕಾಶ ಕೊಡಿ, ಅದೇ ಹುಡುಕಿ ಹಾಕಬಹುದು. ಸಿಗದಿದ್ದರೆ ಬೋರ್ಡ್ ಕಂಪನಿಯ ವಿಂಡೋಸ್ 7 ಡ್ರೈವರ್ ಹಾಕಿ ನೋಡಿ. ಡ್ರೈವರ್ ಹುಡುಕಿಕೊಡುತ್ತೇವೆ ಅನ್ನುವ ಸಾಫ್ಟ್‌ವೇರ್‌ಗಳ ಹತ್ತಿರ ಹೋಗಲೇಬೇಡಿ.

ನನ್ನ ಅನಿಸಿಕೆ ಕೇಳಿದರೆ, ಇಷ್ಟು ಹಳೇ ಇಂಟೆಲ್ ಗ್ರಾಫಿಕ್ಸ್‌ಗೆ ವಿಂಡೋಸ್ ಬದಲು ಹಗುರವಾದ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಒಳ್ಳೆಯದು, ಡ್ರೈವರ್ ಅದರೊಳಗೇ ಇರುತ್ತದೆ. ಪೆನ್‌ಡ್ರೈವ್‌ನಿಂದ ಲಿನಕ್ಸ್ ಓಡಿಸುವುದು ಪರೀಕ್ಷೆಗೂ ಆಗುತ್ತದೆ. ಅದರಲ್ಲಿ ಚಿತ್ರ ಚೆನ್ನಾಗಿ ಬಂದು ವಿಂಡೋಸ್‌ನಲ್ಲಿ ಬರದಿದ್ದರೆ ಹಾರ್ಡ್‌ವೇರ್‌ಗೆ ದುಡ್ಡು ಹಾಕಬೇಡಿ.

ಕನ್ನಡ ಮಾತ್ರ ಚೌಕ ಚೌಕ ಕಾಣುತ್ತೆ, ಇಲ್ಲಾಂದ್ರೆ ಇಂಗ್ಲಿಷ್‌ನಲ್ಲಿ ಏನೇನೋ ಬರುತ್ತೆ. ಇದೂ ಡಿಸ್‌ಪ್ಲೇ ದೋಷಾನಾ?

ಅಲ್ಲ, ಫಾಂಟ್ ದೋಷ. ಚೌಕ ಕಂಡರೆ ಕನ್ನಡ ಯೂನಿಕೋಡ್ ಫಾಂಟ್ ಇಲ್ಲ. ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಬಂದರೂ ಕಂಟ್ರೋಲ್ ಪ್ಯಾನೆಲ್‌ನ ರೀಜನಲ್ ಸೆಟ್ಟಿಂಗ್‌ನಲ್ಲಿ 'ಕಾಂಪ್ಲೆಕ್ಸ್ ಸ್ಕ್ರಿಪ್ಟ್' ಫೈಲ್‌ಗಳನ್ನು ಹಾಕಿಕೊಳ್ಳಬೇಕು, ಎಕ್ಸ್‌ಪಿ ಸಿಡಿ ಕೇಳುತ್ತದೆ. ಹಾಕದಿದ್ದರೆ ಒತ್ತಕ್ಷರ ಬಿಡಿ ಬಿಡಿಯಾಗಿ ನಿಲ್ಲುತ್ತದೆ. ವಿಂಡೋಸ್ 7ರಲ್ಲಿ ಈ ತಾಪತ್ರಯ ಇಲ್ಲ.

ಇಂಗ್ಲಿಷ್ ಅಕ್ಷರ, ಚಿಹ್ನೆ ಕಲಸಿದಂತೆ ಕಂಡರೆ ಆ ಫೈಲ್ 'ನುಡಿ' ಅಥವಾ 'ಬರಹ' ಎಂಬ ಕನ್ನಡ ಸಾಫ್ಟ್‌ವೇರ್‌ನ ಹಳೇ ಫಾಂಟ್‌ನಲ್ಲಿ ಟೈಪ್ ಆಗಿದೆ. ಯಾವುದರಲ್ಲಿ ಟೈಪ್ ಮಾಡಿದ್ದರೋ ಅದರ ಫಾಂಟ್ ಹಾಕಿದರೆ ಓದಲು ಬರುತ್ತದೆ. ಉಳಿಸಿಕೊಳ್ಳಬೇಕಾದ ಕಡತವಾದರೆ ಯೂನಿಕೋಡ್‌ಗೆ ಬದಲಿಸಿಡಿ. ಪಂಚಾಯಿತಿಗಳಲ್ಲಿ, ಸಣ್ಣ ಪತ್ರಿಕೆಗಳಲ್ಲಿ ಇಂಥ ಫೈಲ್‌ಗಳು ಬೇಕಾದಷ್ಟಿವೆ. ಹಳೇ ಯಂತ್ರ ಕೆಡುವ ಮುಂಚೆ ಈ ಕೆಲಸ ಆಗಬೇಕು.

ಪರದೆ ಮೇಲೆ ಗೆರೆ ಬಿದ್ದಿದೆ. ಯಾವುದರ ತಪ್ಪು?

ಮಾನಿಟರ್‌ನ ಮೆನು ಬಟನ್ ಒತ್ತಿ. ಗೆರೆ ಆ ಮೆನುವಿನ ಮೇಲೂ ಹಾದುಹೋದರೆ ಅದು ಪ್ಯಾನೆಲ್‌ನದ್ದು. ಮೆನು ಸ್ವಚ್ಛವಾಗಿದ್ದು ಹಿಂದಿನ ಚಿತ್ರದಲ್ಲಿ ಮಾತ್ರ ಗೆರೆ ಇದ್ದರೆ ದೋಷ ಕೇಬಲ್ ಅಥವಾ ಸಿಪಿಯು ಕಡೆ. ಆಗ ಬಯಾಸ್ ಪುಟಕ್ಕೆ ಹೋಗಿ ನೋಡಿ. ಅಲ್ಲೂ ಗೆರೆ, ಬಣ್ಣದ ಚೌಕ ಕಂಡರೆ, ಕೇಬಲ್ ಬದಲಿಸಿದರೂ ಹೋಗದಿದ್ದರೆ, ಗ್ರಾಫಿಕ್ಸ್ ಚಿಪ್ ಅಥವಾ ಅದರ ಮೆಮೊರಿ. ವಿಂಡೋಸ್‌ನಲ್ಲಿ ಮಾತ್ರ ಕಂಡರೆ ಡ್ರೈವರ್.

ಅಲೆಯಂತೆ ಮೇಲಕ್ಕೋ ಕೆಳಕ್ಕೋ ಹರಿಯುವ ಪಟ್ಟಿ ಬೇರೆ. ಅದು ಹೆಚ್ಚಾಗಿ ಅರ್ತಿಂಗ್ ತೊಂದರೆ. ಸಿಪಿಯು ಮುಟ್ಟಿದರೆ ಜುಮ್ ಅನ್ನುತ್ತಿದ್ದರೆ ಮೊದಲು ಎಲೆಕ್ಟ್ರಿಷಿಯನ್‌ನ ಕರೆಸಿ.

## ಮಾನಿಟರ್ ಒಳಗಿನ ದೋಷಗಳು

ಮಾನಿಟರ್ ಆನ್ ಮಾಡಿದ್ರ ಎರಡ ಸೆಕೆಂಡ್ ಚಿತ್ರ ಬರ್ತೈತಿ, ಆಮೇಲೆ ಕಪ್ಪ ಆಗ್ತೈತ್ರಿ. ಲೈಟ್ ಹಂಗ ಇರ್ತೈತಿ.

ಕೋಣೆ ಕತ್ತಲೆ ಮಾಡಿ, ಮೊಬೈಲ್ ಟಾರ್ಚನ್ನು ಪರದೆಗೆ ಹತ್ತಿರ ಓರೆಯಾಗಿ ಹಿಡಿಯಿರಿ. ಕಿಟಕಿ, ಐಕಾನ್‌ಗಳು ಮಸುಕಾಗಿ ಕಂಡರೆ ಪ್ಯಾನೆಲ್ ಕೆಲಸ ಮಾಡುತ್ತಿದೆ, ಹಿಂದಿನ ಬೆಳಕು ಆರಿದೆ. ಹಳೇ ಎಲ್‌ಸಿಡಿಗಳಲ್ಲಿ ಈ ಬೆಳಕು ಪೆನ್ಸಿಲ್‌ಗಿಂತ ತೆಳ್ಳಗಿನ ಟ್ಯೂಬ್‌ಗಳದ್ದು. ಅವನ್ನು ಉರಿಸುವ ಇನ್ವರ್ಟರ್ ಬೋರ್ಡ್, ಒಂದು ಟ್ಯೂಬ್ ಕೆಟ್ಟರೂ ತಾನೇ ಎಲ್ಲವನ್ನೂ ಆರಿಸಿಬಿಡುತ್ತದೆ. ಎರಡು ಸೆಕೆಂಡ್ ಕಾಣುವುದು ಅದಕ್ಕೇ. ಪವರ್ ಬೋರ್ಡ್‌ನ ಕೆಪಾಸಿಟರ್ ಉಬ್ಬಿದರೂ ಹೀಗೇ ಆಗುತ್ತದೆ. ಅದಾದರೆ ರಿಪೇರಿ ಅಗ್ಗ. ಟ್ಯೂಬ್ ಬದಲಿಸುವುದು ನಾಜೂಕಿನ ಕೆಲಸ, ಒಳಗೆ ಪಾದರಸ ಬೇರೆ ಇದೆ. ಮನೆಯಲ್ಲಿ ಕೈ ಹಾಕಬೇಡಿ. ಇನ್ವರ್ಟರ್‌ನಲ್ಲಿ ನೂರಾರು ವೋಲ್ಟ್ ಇರುತ್ತದೆ.

ನಮ್ಮದು ಇನ್ನೂ ಡುಬ್ಬದ ಸಿಆರ್‌ಟಿ ಮಾನಿಟರ್. ಮೂಲೆಯಲ್ಲಿ ಬಣ್ಣದ ಕಲೆ.

ಪಕ್ಕದಲ್ಲಿ ಸ್ಪೀಕರ್ ಇದ್ದರೆ ದೂರ ಸರಿಸಿ, ಅದರೊಳಗಿನ ಅಯಸ್ಕಾಂತ ಬಣ್ಣ ಕೆಡಿಸುತ್ತದೆ. ಆಮೇಲೆ ಮೆನುವಿನಲ್ಲಿ 'ಡಿಗಾಸ್' ಒತ್ತಿ. ಗುಂಯ್ ಎಂದು ಚಿತ್ರ ಅಲುಗಿ ಕಲೆ ಹೋಗುತ್ತದೆ. ಅಡ್ಡಕ್ಕೆ ಒಂದೇ ಬಿಳಿ ಗೆರೆ ಉಳಿದರೆ ಲಂಬ ದಿಕ್ಕಿನ ಸರ್ಕ್ಯೂಟ್ ಹೋಗಿದೆ, ಟಿವಿ ಮೆಕ್ಯಾನಿಕ್‌ಗೆ ಕೊಡಿ. ನೀವು ಮಾತ್ರ ಹಿಂದಿನ ಮುಚ್ಚಳ ತೆಗೆಯಬೇಡಿ. ಪಿಕ್ಚರ್ ಟ್ಯೂಬ್‌ಗೆ ಹೋಗುವುದು 20 ಸಾವಿರ ವೋಲ್ಟ್‌ಗಿಂತ ಜಾಸ್ತಿ, ಆಫ್ ಮಾಡಿದ ಮೇಲೂ ಅದು ಒಳಗೆ ನಿಂತಿರುತ್ತದೆ.

ಗ್ರಾಫಿಕ್ಸ್ ಕಾರ್ಡ್ ಓವನ್‌ನಲ್ಲಿಟ್ಟು ಬಿಸಿ ಮಾಡಿದ್ರೆ ಸರಿಹೋಗುತ್ತೆ ಅಂತ ವಿಡಿಯೋ ನೋಡಿದೆ.

ಮಾಡಬೇಡಿ. ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ ಬಂದು ಮತ್ತೆ ಹೋಗುತ್ತದೆ. ಅದರ ಹೊಗೆ ವಿಷ, ಆಮೇಲೆ ಅದೇ ಓವನ್‌ನಲ್ಲಿ ಅಡುಗೆ ಮಾಡುತ್ತೀರಲ್ವಾ? ಬೋರ್ಡ್‌ನಲ್ಲೇ ಡಿಸ್‌ಪ್ಲೇ ಇದ್ದರೆ ಕಾರ್ಡ್ ತೆಗೆದು ಅದರಲ್ಲೇ ಕೆಲಸ ಮಾಡಿ. ಇಲ್ಲದಿದ್ದರೆ ಹಿಂದೆ ಬಳಸಿದ ಸಣ್ಣ ಕಾರ್ಡ್ ಒಂದು ನೋಡಿ. ಬೆಂಗಳೂರಿನ ಎಸ್‌ಪಿ ರೋಡ್‌ನಂಥ ಕಡೆ ಸಿಗುತ್ತದೆ. ಆದರೆ ಕಣ್ಣೆದುರು ಹಾಕಿ ತೋರಿಸಿದರೆ ಮಾತ್ರ ದುಡ್ಡು ಕೊಡಿ.

ಯಾವಾಗ ರಿಪೇರಿ ಬಿಟ್ಟು ಹೊಸದು ತಗೋಬೇಕು?

ರ‍್ಯಾಮ್, ಸೆಲ್, ಕೇಬಲ್, ಎಸ್‌ಎಂಪಿಎಸ್, ಕೆಪಾಸಿಟರ್ ಆದರೆ ರಿಪೇರಿ ಮಾಡಿಸಿ. ಪ್ಯಾನೆಲ್ ಒಡೆದರೆ ಬಿಡಿ, ಹಳೇ ಮಾನಿಟರೇ ಅದಕ್ಕಿಂತ ಅಗ್ಗ. ಕೋರ್ 2 ಡ್ಯುಯೋ ಅಥವಾ ಅದಕ್ಕಿಂತ ಹಿಂದಿನ ಬೋರ್ಡ್ ನಿಜವಾಗಿ ಹೋದರೆ, ಅದೇ ಬಗೆಯ ಇನ್ನೊಂದು ಹಳೇ ಬೋರ್ಡ್‌ಗೆ ದುಡ್ಡು ಹಾಕುವುದು ನನಗೆ ಸರಿ ಕಾಣುವುದಿಲ್ಲ. ವಿಂಡೋಸ್ 10ಕ್ಕೂ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಹಳೆಯದನ್ನು ಗುಜರಿಗೆ ಹಾಕಬೇಡಿ. ಸಿಆರ್‌ಟಿ ಗಾಜಿನಲ್ಲಿ ಸೀಸ ಇದೆ. ನೋಂದಣಿ ಇರುವ ಇ-ತ್ಯಾಜ್ಯ ಸಂಸ್ಥೆಗೆ ಕೊಡಿ. ಕೊಡುವ ಮುಂಚೆ ಹಾರ್ಡ್ ಡಿಸ್ಕ್ ಬಿಚ್ಚಿಟ್ಟುಕೊಳ್ಳಿ. ಡಿಸ್‌ಪ್ಲೇ ಹೋದ ಯಂತ್ರದಲ್ಲೂ ಅದು ಹೆಚ್ಚಾಗಿ ಚೆನ್ನಾಗೇ ಇರುತ್ತದೆ. ಯುಎಸ್‌ಬಿ ಕೇಸ್ ಒಂದಕ್ಕೆ ಹಾಕಿದರೆ ನಿಮ್ಮ ಫೋಟೋ, ಲೆಕ್ಕಪತ್ರ ಎಲ್ಲ ಬೇರೆ ಕಂಪ್ಯೂಟರ್‌ನಲ್ಲಿ ತೆರೆಯುತ್ತವೆ. ಕೊಳ್ಳುವಾಗ ಡಿಸ್ಕ್ ಸಾಟಾನೋ ಐಡಿಇನೋ ನೋಡಿಕೊಳ್ಳಿ. ಅಗಲವಾದ ಪಟ್ಟಿ ಕೇಬಲ್ ಇದ್ದರೆ ಐಡಿಇ.